ಹಿರಿಯರ ಸೊಂಟ ಮುರಿದಾಗ

ಮಳೆಗಾಲದಲ್ಲಿ ಕೊಡಿಯಾಲ್‌ಬೈಲಿನ ಅಂಗಳಗಳು ಪಾಚಿಗಟ್ಟಿ ಜಾರುವುವು. ಮನೆಯ ಅಜ್ಜಿ ಬಿದ್ದು ಏಳಲಾರದೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಯೆಲುಬಿನ ಕೊರಳು ಮುರಿದಿರಬಹುದೆಂದು ಗೃಹಸ್ಥರು ತಿಳಿಯತಕ್ಕದ್ದು.

ಮುರಿದ ಎಲುಬು ಸ್ಥಾನ ತಪ್ಪಿದರೆ ಅದರ ಗುಂಡುತಲೆಗೆ ರಕ್ತಸಂಚಾರ ಕೆಡುವುದರಿಂದ, ವೃದ್ಧರಲ್ಲಿ ಅದು ಕೂಡುವುದು ದುರ್ಲಭ. ಆಗ ವೈದ್ಯರು ಎರಡು ಮಾರ್ಗಗಳನ್ನು ಹೇಳುವರು: ಗುಂಡುತಲೆಯನ್ನು ಮಾತ್ರ ಬದಲಿಸುವ ಅರ್ಧ ಕೀಲು, ಅದು ಕೂಡುವ ಬಟ್ಟಲನ್ನೂ ಬದಲಿಸುವ ಪೂರ್ಣ ಕೀಲು. 2019ರಲ್ಲಿ ಪ್ರಕಟವಾದ, ಹತ್ತು ದೇಶಗಳ 1,495 ರೋಗಿಗಳ ಪರೀಕ್ಷೆಯಲ್ಲಿ, ಎರಡು ವರ್ಷಗಳೊಳಗೆ ಪುನಃ ಶಸ್ತ್ರಕ್ರಿಯೆ ಬೇಕಾದವರು ಎರಡೂ ಪಂಗಡಗಳಲ್ಲಿ ನೂರಕ್ಕೆ ಸುಮಾರು 8 ಮಂದಿ. ಪೂರ್ಣ ಕೀಲಿನವರ ಓಡಾಟ ತುಸು ಮೇಲು. ಆದರೆ ಕೀಲು ತಪ್ಪುವುದು ಅವರಲ್ಲಿಯೇ ಹೆಚ್ಚು.

ಆದುದರಿಂದ ಬೀಳುವ ಮುನ್ನ ಅಜ್ಜಿ ಹೇಗೆ ನಡೆಯುತ್ತಿದ್ದರೆಂಬುದನ್ನು ವೈದ್ಯರಿಗೆ ತಿಳಿಸಬೇಕು. ಪೇಟೆಗೆ ಒಬ್ಬರೇ ಹೋಗಿಬರುತ್ತಿದ್ದವರಿಗೆ ಪೂರ್ಣ ಕೀಲು ಯೋಗ್ಯವಾದೀತು. ಮನೆಯೊಳಗೇ ಮೆಲ್ಲನೆ ನಡೆಯುತ್ತಿದ್ದವರಿಗೆ, ಚಿಕ್ಕ ಶಸ್ತ್ರಕ್ರಿಯೆಯ ಅರ್ಧ ಕೀಲು ಸಾಕಾದೀತು.

ನಾವು ವಿಜ್ಞಾಪಿಸುವುದಿಷ್ಟೇ: ಎಣ್ಣೆ ತಿಕ್ಕುತ್ತಲೋ, ಯಾವ ಕೀಲೆಂದು ಚರ್ಚಿಸುತ್ತಲೋ ದಿನಗಳೆಯಬಾರದು. ಮಲಗಿದಷ್ಟೂ ಶ್ವಾಸಕೋಶದ ಜಾಡ್ಯವೂ ಬೆನ್ನಿನ ಹುಣ್ಣೂ ಸಮೀಪಿಸುವುವು. ಬೇಗನೆ ಶಸ್ತ್ರಕ್ರಿಯೆ, ಬೇಗನೆ ಎದ್ದು ನಿಲ್ಲಿಸುವುದು, ಇವೆರಡೇ ಹಿರಿಯರನ್ನು ಮರಳಿ ಅಂಗಳಕ್ಕೆ ತರುವುವು.