ಟ್ರ್ಯಾಕ್ಟರು ಮತ್ತು ಟ್ರೇಲರುಗಳಿಗೆ ಎಲ್‌ಇಡಿ ದೀಪಗಳನ್ನು ಅಳವಡಿಸುವ ಕ್ರಮವೂ ದೋಷ ಪರಿಹಾರವೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

1933ನೆಯ ಇಸವಿಯಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯು ಏರ್ಪಟ್ಟ ಕಾಲಕ್ಕೆ ಕಬ್ಬು ಎತ್ತಿನ ಗಾಡಿಗಳಲ್ಲಿ ಹೋಗುತ್ತಿದ್ದಿತು. ರಾತ್ರಿ ಪ್ರಯಾಣದಲ್ಲಿ ಗಾಡಿಯ ಕೆಳಗೆ ಒಂದು ಲಾಂದ್ರವನ್ನು ತೂಗುಹಾಕುವ ಪದ್ಧತಿ ಇದ್ದಿತು. ಆ ಲಾಂದ್ರದ ಬೆಳಕಿನಿಂದ ಎತ್ತುಗಳಿಗೆ ದಾರಿ ಕಾಣುತ್ತಿದ್ದುದು ಅಷ್ಟಕ್ಕಷ್ಟೆ. ಮುಂದೆ ಗಾಡಿಯಿದೆಯೆಂಬುದು ಹಿಂದಿನಿಂದ ಬರುವವರಿಗೆ ತಿಳಿಯುವುದೇ ಅದರ ಮುಖ್ಯ ಪ್ರಯೋಜನವಾಗಿದ್ದಿತು. ಈಗ ಗಾಡಿಯ ಸ್ಥಾನಕ್ಕೆ ಟ್ರ್ಯಾಕ್ಟರೂ ಅದರ ಹಿಂದೆ ಒಂದೊಂದು ವೇಳೆ ಎರಡೆರಡು ಟ್ರೇಲರುಗಳೂ ಬಂದಿವೆ. ಮುಂದುಗಡೆ ಕಣ್ಣು ಕುಕ್ಕುವಂತಹ ದೀಪಗಳನ್ನು ಸಾಲಾಗಿ ಕಟ್ಟಿಸುವ ಯಜಮಾನರು ಹಲವರಿದ್ದಾರೆ. ಆದರೆ ಟ್ರೇಲರಿನ ಹಿಂದುಗಡೆ ಕತ್ತಲೆಯೇ ಉಳಿದಿರುವುದನ್ನು ಸುಗ್ಗಿಯ ಕಾಲದಲ್ಲಿ ಯಾವ ರಸ್ತೆಯಲ್ಲಿಯಾದರೂ ನೋಡಬಹುದು. ಮುಂದಿನ ದೀಪವು ನಮ್ಮ ಅನುಕೂಲಕ್ಕಾಗಿ. ಹಿಂದಿನ ದೀಪವು ಪರರ ಪ್ರಾಣಕ್ಕಾಗಿ. ಆದಕಾರಣ ದೀಪಕ್ಕಾಗಿ ಹಣವನ್ನು ವೆಚ್ಚ ಮಾಡುವವರು ಹಿಂದಿನಿಂದ ಪ್ರಾರಂಭಿಸತಕ್ಕದ್ದು.

ಎಲ್‌ಇಡಿ ದೀಪದ ಗುಣಗಳು

ಹಳೆಯ ಬಲ್ಬಿನಲ್ಲಿ ಸಣ್ಣ ತಂತಿಯೊಂದು ಕಾದು ಕೆಂಪಾಗಿ ಬೆಳಕನ್ನು ಕೊಡುತ್ತದೆ. ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕವೆಂಬ ಪದಾರ್ಥದ ಚಿಕ್ಕ ತುಣುಕಿನಲ್ಲಿ ವಿದ್ಯುತ್ತು ಹರಿದಾಗ ಬೆಳಕು ನೇರವಾಗಿ ಹುಟ್ಟುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯು 1962ರಲ್ಲಿಯೇ ಅಮೆರಿಕದಲ್ಲಿ ಸಿದ್ಧವಾಯಿತು. ಬಿಳಿಯ ಬೆಳಕಿಗೆ ಮೂಲವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದುದಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಹಿಡುವಳಿದಾರರು ನೆನಪಿನಲ್ಲಿಡಬೇಕಾದ ಗುಣಗಳು ಮೂರು. ಮೊದಲನೆಯದು, ಇದು ತೆಗೆದುಕೊಳ್ಳುವ ಕರೆಂಟು ಸ್ವಲ್ಪ. 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 9 ಆಂಪೇರನ್ನು ಎಳೆಯುತ್ತವೆ. 18 ವ್ಯಾಟಿನ ಎರಡು ಎಲ್‌ಇಡಿ ದೀಪಗಳು 3 ಆಂಪೇರನ್ನು ಮಾತ್ರ ಎಳೆಯುತ್ತವೆ. ಇಂಜಿನನ್ನು ನಿಲ್ಲಿಸಿ ಗದ್ದೆಯಲ್ಲಿ ರಾತ್ರಿ ಕಬ್ಬು ತುಂಬುವವರಿಗೆ ಇದು ದೊಡ್ಡ ಅನುಕೂಲ. ಎರಡನೆಯದು, ಎಲ್‌ಇಡಿಯು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುತ್ತದೆ. ಹಳೆಯ ಬಲ್ಬಿಗೆ ತಂತಿಗಳನ್ನು ಅದಲುಬದಲಾಗಿ ಕೊಟ್ಟರೂ ಉರಿಯುತ್ತಿದ್ದಿತು, ಎಲ್‌ಇಡಿಯು ಉರಿಯುವುದಿಲ್ಲ. ಮೂರನೆಯದು, ಅದರ ಬೆನ್ನಿನಲ್ಲಿ ಶಾಖ ಹುಟ್ಟುತ್ತದೆ. ದೀಪದ ಹಿಂಬದಿಯ ಅಲ್ಯೂಮಿನಿಯಂ ಹಲ್ಲುಗಳು ಆ ಶಾಖವನ್ನು ಗಾಳಿಗೆ ಬಿಡುವುದಕ್ಕಾಗಿಯೇ ಇವೆ. ಅವುಗಳ ಮೇಲೆ ಕೆಸರು ಮೆತ್ತಿದರೆ ಅಥವಾ ಗೋಣಿಚೀಲವನ್ನು ಸುತ್ತಿದರೆ ದೀಪದ ಆಯುಸ್ಸು ಕುಗ್ಗುವುದು.

ಅಳವಡಿಸುವ ಕ್ರಮ

ಕೆಲಸಕ್ಕೆ ಮೊದಲು ಬ್ಯಾಟರಿಯ ಋಣಧ್ರುವದ, ಎಂದರೆ ಮೈನಸ್ಸಿನ, ಕೇಬಲನ್ನು ಬಿಚ್ಚತಕ್ಕದ್ದು. ಈಗಿನ ಟ್ರ್ಯಾಕ್ಟರುಗಳಲ್ಲಿ ಈ ಮೈನಸ್ಸೇ ಇಂಜಿನು ಮತ್ತು ಚಾಸಿಗಳಿಗೆ ಸೇರಿರುತ್ತದೆ. ಅದನ್ನೇ ಅರ್ತ್ ಎನ್ನುತ್ತಾರೆ. ಬಹು ಹಳೆಯ ಕೆಲವು ಟ್ರ್ಯಾಕ್ಟರುಗಳಲ್ಲಿ ಪ್ಲಸ್ಸೇ ಅರ್ತ್ ಆಗಿರುವುದುಂಟಾದ್ದರಿಂದ ಅಂತಹವುಗಳಲ್ಲಿ ಮೊದಲು ಇದನ್ನು ಪರೀಕ್ಷಿಸದೆ ಎಲ್‌ಇಡಿಯನ್ನು ಜೋಡಿಸಕೂಡದು.

ಹೊಸ ದೀಪಗಳ ಪ್ಲಸ್ ತಂತಿಯು ಬ್ಯಾಟರಿಯಿಂದ ಹೊರಟ ಗೇಣುದ್ದದೊಳಗಾಗಿ ಫ್ಯೂಸನ್ನು ಇರಿಸಬೇಕು. 3 ಆಂಪೇರಿನ ದೀಪಗಳಿಗೆ 5 ಆಂಪೇರಿನ ಫ್ಯೂಸು ಸಾಕು. ಫ್ಯೂಸು ದೀಪವನ್ನು ಕಾಪಾಡುವುದಕ್ಕಿಂತ ಹೆಚ್ಚಾಗಿ ತಂತಿಯನ್ನು ಕಾಪಾಡುತ್ತದೆ. ಫ್ಯೂಸಿಲ್ಲದ ತಂತಿಯು ಎಲ್ಲಿಯಾದರೂ ಸವೆದು ಕಬ್ಬಿಣಕ್ಕೆ ತಗುಲಿದರೆ ಕೆಂಪಗೆ ಕಾದು ಬೆಂಕಿ ಹತ್ತುವುದು; ಒಣ ಸೋಗೆಯನ್ನು ಹೊತ್ತ ವಾಹನದಲ್ಲಿ ಇದು ಎಷ್ಟು ಅಪಾಯವೆಂಬುದನ್ನು ಹೇಳಬೇಕಾಗಿಲ್ಲ.

ಹೆಚ್ಚು ದೀಪಗಳನ್ನು ಹಾಕುವವರು ಅವುಗಳ ಕರೆಂಟನ್ನೆಲ್ಲ ಹಳೆಯ ಸ್ವಿಚ್ಚಿನ ಮೂಲಕ ಹರಿಯಿಸದೆ ರಿಲೇಯನ್ನು ಉಪಯೋಗಿಸುವುದು ಲೇಸು. ಸಾಧಾರಣ ರಿಲೇಯ ಕಾಲುಗಳ ಮೇಲೆ ಅಂಕೆಗಳಿರುತ್ತವೆ. 30 ಎಂಬುದಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ತಂತಿ, 87ಕ್ಕೆ ದೀಪದ ತಂತಿ, 86ಕ್ಕೆ ಸ್ವಿಚ್ಚಿನಿಂದ ಬಂದ ತಂತಿ, 85ಕ್ಕೆ ಅರ್ತ್ ಎಂಬುದಾಗಿ ಜೋಡಿಸತಕ್ಕದ್ದು.

ತಂತಿಯು ತಾಮ್ರದ ಎಳೆಗಳುಳ್ಳದ್ದಾಗಿರಲಿ. ಎರಡು ತುದಿಗಳನ್ನು ಹೊಸೆದು ಟೇಪು ಸುತ್ತಿದ ಬೆಸುಗೆಯು ಒಂದು ಮಳೆಗಾಲವನ್ನು ದಾಟುವುದಿಲ್ಲ. ಲಗ್ಗನ್ನು ಒತ್ತಿ ಕೂರಿಸಿ ಮೇಲೆ ರಬ್ಬರಿನ ಸ್ಲೀವನ್ನು ಹಾಕಬೇಕು. ತಂತಿಯು ದೀಪವನ್ನು ಕೆಳಗಿನಿಂದ ಸೇರುವಂತೆ ಸ್ವಲ್ಪ ಜೋಲುಬಿಟ್ಟರೆ ಮಳೆಯ ನೀರು ಬಾಗಿನಲ್ಲಿ ತೊಟ್ಟಿಕ್ಕಿ ಹೋಗುವುದು. ಮೇಲಿನಿಂದ ಇಳಿದರೆ ಅದೇ ನೀರು ದೀಪದೊಳಕ್ಕೆ ನಡೆಯುವುದು.

ಟ್ರೇಲರಿನ ವಿಚಾರ

ಏಳು ಕಡ್ಡಿಯ ಸಾಕೆಟ್ಟಿನಲ್ಲಿ 3ನೆಯ ಅಥವಾ 31 ಎಂದು ಗುರುತುಳ್ಳ ಕಡ್ಡಿಯು ಅರ್ತ್ ಆಗಿರುತ್ತದೆ. ಟ್ರೇಲರಿನ ಪ್ರತಿಯೊಂದು ದೀಪದ ಮೈನಸ್ ತಂತಿಯನ್ನೂ ಇಲ್ಲಿಯವರೆಗೆ ತಂದು ಸೇರಿಸತಕ್ಕದ್ದು. ಇದನ್ನು ಮಾಡದಿದ್ದರೆ ಆಗುವುದೇನೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ.

ನನ್ನ ಸರ್ಕಲಿನ ಒಂದು ಗ್ರಾಮದಲ್ಲಿ ರೈತರೊಬ್ಬರು ಟ್ರೇಲರಿಗೆ ಕೆಂಪು ಎಲ್‌ಇಡಿ ದೀಪಗಳನ್ನು ಹಾಕಿಸಿದ್ದರು. ಮನೆಯ ಮುಂದೆ ನಿಂತಾಗ ದೀಪಗಳು ಚೆನ್ನಾಗಿ ಉರಿಯುತ್ತಿದ್ದುವು, ರಸ್ತೆಯಲ್ಲಿ ಆರಿಹೋಗುತ್ತಿದ್ದುವು. ಮಾಲು ಕಳಪೆಯೆಂದು ಭಾವಿಸಿ ಅವರು ಎರಡು ಸಾರಿ ದೀಪಗಳನ್ನು ಬದಲಾಯಿಸಿದರು. ಮೂರನೆಯ ಜೊತೆಯೂ ಆರಿದ್ದ ಒಂದು ರಾತ್ರಿ ಅದೇ ಊರಿನ ಹುಡುಗನೊಬ್ಬನು ಮೋಟಾರು ಸೈಕಲಿನಲ್ಲಿ ಬಂದು ಟ್ರೇಲರಿನ ಹಿಂಬದಿಗೆ ಬಡಿದು ಕಾಲು ಮುರಿದುಕೊಂಡನು. ಮಾರನೆಯ ದಿನ ಪರೀಕ್ಷಿಸಲಾಗಿ ಮೂರು ಜೊತೆ ದೀಪಗಳಲ್ಲಿ ಒಂದಕ್ಕೂ ದೋಷವಿರಲಿಲ್ಲ. ಅರ್ತ್ ತಂತಿಯನ್ನು ಸಾಕೆಟ್ಟಿಗೆ ತಾರದೆ ಟ್ರೇಲರಿನ ಕಬ್ಬಿಣಕ್ಕೆ ಬಿಗಿದಿದ್ದರು. ಆದುದರಿಂದ ಕರೆಂಟು ಹಿಂದಿರುಗಬೇಕಾದ ದಾರಿಯು ಕೊಂಡಿಯ ಪಿನ್ನಿನ ಮೂಲಕವಾಗಿದ್ದಿತು. ಪಿನ್ನಿಗೆ ಗ್ರೀಸು, ಕೊಂಡಿಗೆ ತುಕ್ಕು. ಕುಲುಕಾಟದಲ್ಲಿ ಸಂಪರ್ಕವು ತಪ್ಪುತ್ತಿದ್ದಿತು. ನಾಲ್ಕಾರು ಗಜದ ತಂತಿಯೊಂದನ್ನು ಹಾಕಿದ ಮೇಲೆ ಆ ದೀಪಗಳು ಪುನಃ ಆರಲಿಲ್ಲ. ಆ ತಂತಿಯ ಬೆಲೆಯು ಒಂದು ದೀಪದ ಬೆಲೆಗಿಂತ ಕಡಿಮೆ.

ಇನ್ನೊಂದು ಮಾತು. ಕಬ್ಬಿನ ಸೋಗೆಯು ಟ್ರೇಲರಿನಿಂದ ಹಿಂದಕ್ಕೆ ಚಾಚಿಕೊಂಡು ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚಿಬಿಡುವುದು. ಆದಕಾರಣ ಕಟ್ಟಿಗೆಯ ಅಥವಾ ತಗಡಿನ ಪಟ್ಟಿಯೊಂದಕ್ಕೆ ಎರಡು ಕೆಂಪು ದೀಪಗಳನ್ನೂ ಕೆಂಪು ರಿಫ್ಲೆಕ್ಟರುಗಳನ್ನೂ ಕೂಡಿಸಿ, ಉದ್ದನೆಯ ಕೇಬಲಿನೊಡನೆ, ಹೊರೆಯ ಕೊನೆಗೆ ಕೊಕ್ಕೆಯಿಂದ ತೂಗುಹಾಕುವುದು ಒಳ್ಳೆಯ ಉಪಾಯ. ಕಬ್ಬನ್ನು ಇಳಿಸುವ ಮುಂಚೆ ಅದನ್ನು ತೆಗೆದಿರಿಸಬಹುದು. ಎರಡು ಟ್ರೇಲರುಗಳಿದ್ದರೆ ಪಟ್ಟಿಯು ಕೊನೆಯದರ ಮೇಲಿರಬೇಕು. ರಿಫ್ಲೆಕ್ಟರಿಗೆ ತಂತಿಯೂ ಬೇಡ, ಬ್ಯಾಟರಿಯೂ ಬೇಡ. ದೀಪವು ಕೆಟ್ಟ ರಾತ್ರಿ ಅದೇ ಕಾಯುವುದು.

ದೋಷಗಳೂ ಪರಿಹಾರಗಳೂ

ಕೆಟ್ಟಿತೆಂದು ದೀಪವನ್ನು ಬಿಸಾಡುವುದಕ್ಕೆ ಮೊದಲು ಅದನ್ನು ಬಿಚ್ಚಿ, ಫ್ಯೂಸುಳ್ಳ ತಂತಿಯಿಂದ ನೇರವಾಗಿ ಬ್ಯಾಟರಿಗೆ ಹಿಡಿದು ನೋಡಬೇಕು. ಉರಿದರೆ ದೋಷವು ದೀಪದಲ್ಲಿಲ್ಲ, ದಾರಿಯಲ್ಲಿದೆ. ಅನಂತರ ಈ ಕೆಳಗೆ ಕಾಣಿಸಿರುವಂತೆ ನಡೆಯತಕ್ಕದ್ದು.

1. ದೀಪವು ಉರಿಯದಿರುವುದು: ಫ್ಯೂಸು, ತಂತಿಗಳ ಅದಲುಬದಲು, ಅರ್ತ್, ಈ ಮೂರನ್ನು ಇದೇ ಕ್ರಮದಲ್ಲಿ ನೋಡಬೇಕು. ಮಲ್ಟಿಮೀಟರಿದ್ದರೆ, ದೀಪವನ್ನು ಜೋಡಿಸಿ ಸ್ವಿಚ್ಚು ಹಾಕಿಟ್ಟು, ದೀಪದ ಪ್ಲಸ್ಸಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆಯಿರಿ. ಬಳಿಕ ದೀಪದ ಪ್ಲಸ್ಸಿಗೂ ದೀಪದ ಮೈನಸ್ಸಿಗೂ ನಡುವೆ ಅಳೆಯಿರಿ. ಮೊದಲನೆಯದು 12 ವೋಲ್ಟಿದ್ದು ಎರಡನೆಯದು ಬಹಳ ಕಡಿಮೆಯಿದ್ದರೆ ದೋಷವು ಅರ್ತಿನಲ್ಲಿಯೇ ಇದೆ.

2. ಬ್ರೇಕು ಒತ್ತಿದಾಗ ಬೇರೆ ದೀಪಗಳು ಮಂಕಾಗುವುದು, ಅಥವಾ ಒಂದರೊಡನೆ ಮತ್ತೊಂದು ಮಿನುಗುವುದು: ಇದು ಸಾಮಾನ್ಯವಾಗಿ ಅರ್ತ್ ಕೆಟ್ಟಿರುವುದರ ಲಕ್ಷಣ. ಸರಿಯಾದ ದಾರಿ ಸಿಕ್ಕದೆ ಕರೆಂಟು ಪಕ್ಕದ ದೀಪದ ಮೂಲಕ ಹಿಂದಿರುಗುತ್ತಿರುವುದು.

3. ಇಂಡಿಕೇಟರು ಅತಿವೇಗವಾಗಿ ಮಿನುಗುವುದು, ಅಥವಾ ಮಿನುಗದೆ ನಿಂತೇ ಉರಿಯುವುದು: ಹಳೆಯ ಫ್ಲ್ಯಾಷರು 21 ವ್ಯಾಟಿನ ಬಲ್ಬುಗಳ ಕರೆಂಟಿಗೆ ತಕ್ಕಂತೆ ಮಾಡಿದ್ದು. ಎಲ್‌ಇಡಿಯ ಅಲ್ಪ ಕರೆಂಟನ್ನು ಅದು ಬಲ್ಬು ಹೋಗಿದೆಯೆಂದೇ ಎಣಿಸುತ್ತದೆ. ಎಲ್‌ಇಡಿಗೆ ತಕ್ಕ ಎಲೆಕ್ಟ್ರಾನಿಕ್ ಫ್ಲ್ಯಾಷರನ್ನು ಹಾಕುವುದು ಸರಿಯಾದ ಪರಿಹಾರ. ರೆಸಿಸ್ಟರನ್ನು ಜೋಡಿಸುವವರು ಅದು ಕೈಸುಡುವಷ್ಟು ಕಾಯುವುದೆಂದು ತಿಳಿದು ಪ್ಲಾಸ್ಟಿಕ್ಕಿನಿಂದ ದೂರವಾಗಿ ಕಬ್ಬಿಣದ ಮೇಲೆ ಕೂರಿಸಬೇಕು.

4. ಒಂದು ಪಕ್ಕಕ್ಕೆ ಇಂಡಿಕೇಟರು ಹಾಕಿದರೆ ನಾಲ್ಕೂ ಮಿನುಗುವುದು: ಡ್ಯಾಷ್‌ಬೋರ್ಡಿನಲ್ಲಿ ಎಡಬಲಗಳೆರಡಕ್ಕೂ ಒಂದೇ ಸೂಚನಾ ಬಲ್ಬು ಇರುವ ವಾಹನಗಳಲ್ಲಿ ಹೀಗಾಗುವುದು. ಆ ಬಲ್ಬಿನ ಮೂಲಕ ಹಾಯುವ ಕರೆಂಟೇ ಎಲ್‌ಇಡಿಗೆ ಸಾಕಾಗಿಬಿಡುತ್ತದೆ. ಎರಡು ಡಯೋಡುಗಳನ್ನು ಹಾಕಿ ಬಲ್ಬಿನ ಒಂದು ಕಾಲನ್ನು ಅರ್ತಿಗೆ ಕೊಡಿಸಿದರೆ ಸರಿಹೋಗುವುದು.

5. ದೀಪಗಳು ಪದೇಪದೇ ಸುಟ್ಟುಹೋಗುವುದು: ಇಂಜಿನನ್ನು ವೇಗವಾಗಿ ಓಡಿಸಿ ಬ್ಯಾಟರಿಯ ವೋಲ್ಟೇಜನ್ನು ಅಳೆಯಬೇಕು. ಅದು ಸುಮಾರು 14 ಇರುವುದು ಸಹಜ. 15ನ್ನು ಮೀರಿದರೆ ಆಲ್ಟರ್ನೇಟರಿನ ರೆಗ್ಯುಲೇಟರು ಕೆಟ್ಟಿದೆ, ಬ್ಯಾಟರಿಗೂ ಹಾನಿ. ಟ್ರೇಲರಿಗೆ ವೆಲ್ಡಿಂಗು ಮಾಡಿಸುವಾಗ ಸಾಕೆಟ್ಟಿನ ಪ್ಲಗ್ಗನ್ನು ಕೀಳದಿದ್ದರೂ ಎಲ್‌ಇಡಿಗಳು ಹಾಳಾಗಬಹುದು.

ಪರರ ಕಣ್ಣು ಮತ್ತು ಕಾನೂನು

ಹ್ಯಾಲೊಜೆನ್ ಬಲ್ಬಿಗಾಗಿ ರಚಿಸಿದ ಹೆಡ್‌ಲೈಟಿನಲ್ಲಿ ಎಲ್‌ಇಡಿ ಬಲ್ಬನ್ನು ತುರುಕಿದರೆ ಬೆಳಕು ಹುಟ್ಟುವ ಸ್ಥಳವು ಬೇರೆಯಾಗಿ, ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರಿನವರ ಕಣ್ಣಿಗೆ ಚೆಲ್ಲುವುದು. ಗದ್ದೆಯ ಕೆಲಸಕ್ಕಾಗಿ ಹಿಂದಕ್ಕೆ ತಿರುಗಿಸಿರುವ ಬಿಳಿಯ ದೀಪವನ್ನು ರಸ್ತೆಗೆ ಬಂದಕೂಡಲೆ ಆರಿಸತಕ್ಕದ್ದು. ಹಿಂದಿನವರು ಅದನ್ನು ಎದುರಿಗೆ ಬರುವ ವಾಹನವೆಂದು ಭ್ರಮಿಸುವರು. ಕೆಂಪು ಗಾಜಿನ ಹಿಂದೆ ಬಿಳಿಯ ಎಲ್‌ಇಡಿಯನ್ನು ಹಾಕಿದರೆ ಬೆಳಕು ಮಂಕಾಗುವುದು. ಅಲ್ಲಿ ಕೆಂಪು ಎಲ್‌ಇಡಿಯೇ ಬೇಕು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ನೆಯ ಇಸವಿಯ ಮೋಟಾರು ವಾಹನಗಳ ಆಕ್ಟಿನ 52ನೆಯ ಪ್ರಕರಣವು ನಿಷೇಧಿಸುತ್ತದೆ. ಹಿಂದಿನ ಕೆಂಪು ದೀಪಗಳನ್ನೂ ರಿಫ್ಲೆಕ್ಟರುಗಳನ್ನೂ 1989ನೆಯ ಇಸವಿಯ ಕೇಂದ್ರ ನಿಯಮಗಳು ವಿಧಿಸಿವೆ. ಅಲಂಕಾರದ ದೀಪವನ್ನು ಬಿಟ್ಟರೆ ನಷ್ಟವಿಲ್ಲ. ವಿಧಿಸಿದ ದೀಪವನ್ನು ಬಿಟ್ಟರೆ ತಪ್ಪು.

ಗ್ರಾಮಪ್ರಮುಖರಲ್ಲಿ ವಿಜ್ಞಾಪನೆ

ಕಟಾವು ಪ್ರಾರಂಭವಾಗುವ ಮುನ್ನ ಒಂದು ಸಂಜೆ ಊರಿನ ಟ್ರೇಲರುಗಳನ್ನೆಲ್ಲ ಒಂದು ಬಯಲಿನಲ್ಲಿ ನಿಲ್ಲಿಸಿ, ಕತ್ತಲಾದ ಮೇಲೆ ಅವುಗಳ ಹಿಂದೆ ನೂರು ಹೆಜ್ಜೆ ನಡೆದು ತಿರುಗಿ ನೋಡಿದರೆ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲವೆಂಬುದು ಯಾವ ಯಂತ್ರದ ಸಹಾಯವೂ ಇಲ್ಲದೆ ಗೊತ್ತಾಗುವುದು. ಕಾಣದಿದ್ದುದನ್ನು ಸರಿಪಡಿಸುವ ತನಕ ರಾತ್ರಿ ರಸ್ತೆಗೆ ಬಿಡಕೂಡದೆಂದು ಊರಿನವರೇ ಕಟ್ಟುಮಾಡಿಕೊಳ್ಳಬಹುದು. ಟ್ರೇಲರಿನ ಹಿಂದೆ ಬರುವವನು ಹೆಚ್ಚಾಗಿ ಅಪರಿಚಿತನಲ್ಲ. ನಮ್ಮ ಊರಿನ ಹುಡುಗನೇ ಸಂತೆಯಿಂದಲೋ ಶಾಲೆಯಿಂದಲೋ ಮನೆಗೆ ಹಿಂದಿರುಗುತ್ತಿರುತ್ತಾನೆ.