ಶತಾವರಿಯ ದಾಯಾದಿ

ಹೋಟೆಲಿನ ಸೂಪಿನಲ್ಲಿ ನೀವು ತಿನ್ನುವ ಆಸ್ಪರಾಗಸ್ ನಮ್ಮ ಶತಾವರಿಯ ದಾಯಾದಿ, ಗೊತ್ತೇ ಮಕ್ಕಳೇ? ಶತಾವರಿಗೆ ಕನ್ನಡದಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಎಂಬ ಹೆಸರೂ ಇದೆ. ಗಿಡ ಕಿತ್ತು ನೋಡಿ, ಬುಡದ ತುಂಬ ಗೊಂಚಲು ಗೊಂಚಲು ಗೆಡ್ಡೆ!

ಪುಣೆಯ ನಮ್ಮ ಹಿತ್ತಿಲಲ್ಲಿ, ಮಗಳು ತಂದ ಆಸ್ಪರಾಗಸ್ ಬೀಜವನ್ನು ರಾತ್ರಿಯಿಡೀ ನೆನೆಸಿ ಬಿತ್ತಿದೆ. ಮೂರು ವಾರಕ್ಕೆ ದಾರದಂಥ ಮೊಳಕೆ. ಮರುವರ್ಷ ಪೆನ್ಸಿಲಿಗಿಂತ ಸಣ್ಣ ದಂಟುಗಳು ಬಂದವು. ನೆಂಟರೆದುರು ಮೆರೆಯಲೆಂದು ಎಲ್ಲವನ್ನೂ ಕೊಯ್ದು ಪಲ್ಯ ಮಾಡಿದೆ. ನಾಲ್ಕು ಚಮಚ ಆಯಿತು. ಮತ್ತೆ ಚಿಗುರಿದ್ದನ್ನೂ ಬಿಡಲಿಲ್ಲ. ಸೊರಗಿದ ಬೇರು ಮಳೆಗಾಲದಲ್ಲಿ ನಿಂತ ನೀರಿಗೆ ಕೊಳೆತೇ ಹೋಯಿತು. ಎರಡು ದಿನ ಆ ಕಡೆ ತಲೆಹಾಕಲಿಲ್ಲ.

ಆಮೇಲೆ ಓದಿ ತಿಳಿದೆ. ಕೊಯ್ಯದೆ ಬಿಟ್ಟ ದಂಟು ಸಬ್ಬಸಿಗೆಯಂತೆ ಹರಡುತ್ತದೆ. ಬೇರಿಗೆ ಊಟ ಹಾಕುವುದು ಆ ಹಸಿರೇ. ಬೀಜದ ಗಿಡವನ್ನು ಮೊದಲೆರಡು ವರ್ಷ ಮುಟ್ಟಬಾರದು, ಮೂರನೆಯ ವರ್ಷ ಕೆಲವೇ ವಾರ ಕೊಯ್ಯಬಹುದು. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ದಂಟು ಹೆಚ್ಚು ಕೊಡುವುದು ಗಂಡು (ಇದನ್ನು ನಮ್ಮ ಮನೆಯವರಿಗೆ ಹೇಳಿಲ್ಲ). ಹೆಣ್ಣು ಗಿಡದ ಕೆಂಪು ಹಣ್ಣು ಚೆಂದ, ಆದರೆ ತಿನ್ನಬೇಡಿ, ವಿಷ.

ಈಗ ಎತ್ತರದ ಮಡಿ, ಮರಳು ಬೆರೆತ ಮಣ್ಣು, ಸಗಣಿ ಗೊಬ್ಬರ. ನಿಮ್ಮ ಬಾಲ್ಕನಿಗಾದರೆ ಒಂದೂವರೆ ಅಡಿ ಆಳದ ಕುಂಡ ಬೇಕು. ನನ್ನದಕ್ಕೆ ಎರಡನೆಯ ವರ್ಷ. ಮೊನ್ನೆ ಒಂದು ದಂಟು ಕಿರುಬೆರಳಷ್ಟು ದಪ್ಪ ಬಂದಿದೆ. ಕತ್ತರಿಯನ್ನು ಮಗಳು ಬಚ್ಚಿಟ್ಟಿದ್ದಾಳೆ.