ತಿರುಗುವ ಎಂಜಿನ್ನಿಗೆ ಬಡಿತದ ಕಾವಲು ಬೇಕೆ?

ಯಂತ್ರವನ್ನು ನಡೆಸುವವನಿಗೆ ಕಣ್ಣಿಗಿಂತಲೂ ಕಿವಿಯೇ ಹೆಚ್ಚು ಉಪಯೋಗಕ್ಕೆ ಬರುವುದುಂಟು. ಜಮಖಂಡಿ ಸೀಮೆಯ ತುಬಚಿಯ ಹೆಸರು ಇಂದು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಅನೇಕರಿಗೆ ಪರಿಚಿತವಾಗಿದೆ. ವಿದ್ಯುತ್ತಿನ ಪಂಪುಗಳು ಹರಡುವುದಕ್ಕೆ ಮೊದಲು ಇಂತಹ ಸೀಮೆಗಳಲ್ಲಿ ನೀರೆತ್ತುವ ಕೆಲಸಕ್ಕೆ ಆಯಿಲ್ ಎಂಜಿನ್ನು ಒದಗುತ್ತಿದ್ದಿತು. ಅದನ್ನು ಬಲ್ಲ ರೈತನು ಹೊಲದ ಇನ್ನೊಂದು ತುದಿಯಲ್ಲಿದ್ದರೂ, ಶಬ್ದದ ಲಯ ಕೆಟ್ಟೊಡನೆ ಎಂಜಿನ್ನಿನ ಕಡೆಗೆ ಧಾವಿಸುವನು. ಆಯಿಲ್ ಎಂಜಿನ್ನಿಗೆ ಟಕಟಕ ಶಬ್ದವು ಸ್ವಭಾವ; ಪೆಟ್ರೋಲ್ ಎಂಜಿನ್ನಿನಲ್ಲಾದರೋ ಅದು ರೋಗದ ಲಕ್ಷಣ. ಈ ರೋಗದ ಸದ್ದನ್ನು ಮನುಷ್ಯನಿಗೆ ಬದಲಾಗಿ ಆಲಿಸತಕ್ಕ ಸಾಧನಕ್ಕೆ ನಾಕ್ ಸೆನ್ಸರ್ ಎಂದು ಹೆಸರು. ಟರ್ಬೋಚಾರ್ಜರನ್ನು ಜೋಡಿಸಿದ ರೋಟರಿ ಎಂಜಿನ್ನಿಗೆ ಈ ಕಿವಿಯು ಅವಶ್ಯವೇ ಎಂಬುದನ್ನು ನಾವು ಈ ಹೊತ್ತು ವಿಚಾರಮಾಡೋಣ.

ಮೊದಲು ಬಡಿತವೆಂದರೇನೆಂಬುದನ್ನು ತಿಳಿಯಬೇಕು. ಎಂಜಿನ್ನಿನ ಒಳಗೆ ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತು ಒತ್ತಲ್ಪಡುತ್ತವೆ. ಕಿಡಿ ಹಾರಿದೊಡನೆ ಜ್ವಾಲೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡಬೇಕು. ಹುಲ್ಲುಗಾವಲಿಗೆ ಒಂದು ಅಂಚಿನಲ್ಲಿ ಬೆಂಕಿ ಬಿದ್ದರೆ ಅದು ಸಾಲಾಗಿ ಮುಂದುವರಿಯುವುದಷ್ಟೆ. ಆದರೆ ಜ್ವಾಲೆ ಇನ್ನೂ ಮುಟ್ಟದ ಮೂಲೆಯ ಅನಿಲವು ವಿಪರೀತ ಕಾವಿಗೂ ಒತ್ತಡಕ್ಕೂ ಸಿಕ್ಕಿ ತಾನೇ ಹತ್ತಿಕೊಂಡುಬಿಟ್ಟರೆ, ಅದು ಉರಿಯುವುದಿಲ್ಲ, ಸಿಡಿಯುತ್ತದೆ. ಆಗ ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಬಡಿದು ಲೋಹವನ್ನೇ ಕಂಪಿಸುವಂತೆ ಮಾಡುತ್ತವೆ. ಸಾಮಾನ್ಯ ಮೋಟಾರು ಕಾರಿನ ಸಿಲಿಂಡರಿನಲ್ಲಿ ಈ ಕಂಪನವು ಸೆಕೆಂಡಿಗೆ ಸುಮಾರು 6000 ದಿಂದ 7000 ಸಲ ಆಗುತ್ತದೆ. ನಾಕ್ ಸೆನ್ಸರಿನೊಳಗಿನ ಸ್ಫಟಿಕವು ಕಂಪನದಿಂದ ಒತ್ತಲ್ಪಟ್ಟಾಗ ಅಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ಎಂಜಿನ್ನಿನ ಕಂಪ್ಯೂಟರು ಅದನ್ನು ಗುರುತಿಸಿ ಮುಂದಿನ ಕಿಡಿಯನ್ನು ಕೊಂಚ ತಡಮಾಡುತ್ತದೆ, ಬಡಿತವು ಅಡಗುತ್ತದೆ.

ಇನ್ನು ರೋಟರಿ ಎಂಜಿನ್ನು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬವರ ಕಲ್ಪನೆಯಿಂದ ಹುಟ್ಟಿದ ಇದರ ಮೊದಲನೆಯ ಮಾದರಿಯು 1957 ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ತಿರುಗಿತು. 1967 ರಲ್ಲಿ ಜಪಾನಿನ ಮಾಜ್ದಾ ಕಂಪನಿಯು ಎರಡು ರೋಟರಿನ ಕಾರನ್ನು ಮಾರಾಟಕ್ಕೆ ತಂದಿತು. ಇದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಲ್ಲ. ಮೂರು ಮೂಲೆಯ ರೋಟರೊಂದು ಕೋಣೆಯೊಳಗೆ ಸುತ್ತುತ್ತಾ ಗಾಳಿಯನ್ನು ಎಳೆದು, ಒತ್ತಿ, ಉರಿಸಿ, ಹೊರಕ್ಕೆ ನೂಕುತ್ತದೆ. ತೂಕ ಕಡಿಮೆ, ಶಕ್ತಿ ಹೆಚ್ಚು. ಈ ಗುಣದಿಂದಲೇ ನಮ್ಮ ನಾಡಿನ ವಿಜ್ಞಾನಿಗಳೂ ಇದಕ್ಕೆ ಮನಸೋತರು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ಮತ್ತು ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ, ಈ ಮೂರೂ ಸೇರಿ ‘ನಿಶಾಂತ್’ ಎಂಬ ಚಾಲಕನಿಲ್ಲದ ವಿಮಾನಕ್ಕಾಗಿ 55 ಅಶ್ವಶಕ್ತಿಯ, ಸುಮಾರು 30 ಕಿಲೋಗ್ರಾಂ ತೂಕದ ವಾಂಕೆಲ್ ಎಂಜಿನ್ನನ್ನು ನಿರ್ಮಿಸಿದುವು. 2009 ನೆಯ ಏಪ್ರಿಲ್ 5 ರಂದು, ಕೋಲಾರದ ಬಳಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನದಾರಿಯಿಂದ ಅದು ಹಾರಿ, ಸುಮಾರು 40 ನಿಮಿಷ ಆಕಾಶದಲ್ಲಿದ್ದು, ಒಣಗಿದ ಕೆರೆಯಂಗಳದಲ್ಲಿ ಸುರಕ್ಷಿತವಾಗಿ ಇಳಿಯಿತು.

ಎತ್ತರಕ್ಕೆ ಏರುವ ಯಂತ್ರಕ್ಕೆ ಒಂದು ಕೊರತೆಯುಂಟು. ಸಮುದ್ರಮಟ್ಟದಿಂದ 1800 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಕೆಳಗಿನದರ 84 ಪಾಲಿನಷ್ಟೇ, ಅಂದರೆ ನೂರಕ್ಕೆ 16 ರಷ್ಟು ಕಡಿಮೆ. ಎಂಜಿನ್ನಿನ ಶಕ್ತಿಯೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಹೊರಬೀಳುವ ಹೊಗೆಯ ವೇಗದಿಂದಲೇ ಚಕ್ರವೊಂದನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವ ಟರ್ಬೋಚಾರ್ಜರು ಈ ನಷ್ಟವನ್ನು ತುಂಬಿಕೊಡುತ್ತದೆ. ರಸ್ತೆಯ ಮೇಲಾದರೆ ಅದೇ ಉಪಾಯದಿಂದ ಶಕ್ತಿ ಹೆಚ್ಚುತ್ತದೆ. ಮಾಜ್ದಾ ಕಂಪನಿಯು 1982 ರಿಂದ ರೋಟರಿ ಕಾರುಗಳಲ್ಲಿ ಇದನ್ನು ಬಳಸಿತು. ಆದರೆ ಒತ್ತಿದ ಗಾಳಿ ಕಾಯದೆ ಇರದು. 30 ಡಿಗ್ರಿಯ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ತಂದರೆ, ಯಾವ ನಷ್ಟವೂ ಇಲ್ಲವೆಂದು ಎಣಿಸಿದರೂ, ಅದರ ಉಷ್ಣತೆಯು ಸುಮಾರು 96 ಡಿಗ್ರಿಗೆ ಏರುತ್ತದೆ. ವಾಸ್ತವದಲ್ಲಿ ಇನ್ನೂ ಹೆಚ್ಚು. ಬಡಿತಕ್ಕೆ ಬೇಕಾದ ಕಾವೂ ಒತ್ತಡವೂ ಹೀಗೆ ಒಟ್ಟಿಗೆ ಒದಗಿಬರುತ್ತವೆ.

ಇಲ್ಲಿ ರೋಟರಿ ಎಂಜಿನ್ನಿನ ಸ್ವಭಾವದಲ್ಲಿ ಒಂದು ವಿಚಿತ್ರವಿದೆ. ಟರ್ಬೋ ಇಲ್ಲದಾಗ ಅದು ಬಡಿತಕ್ಕೆ ಸುಲಭವಾಗಿ ಒಳಗಾಗತಕ್ಕುದಲ್ಲ. ಕೆಂಪಗೆ ಕಾಯುವ ಎಗ್ಸಾಸ್ಟ್ ವಾಲ್ವು ಅದರಲ್ಲಿಲ್ಲ. ಗಾಳಿಯನ್ನು ಎಳೆಯುವ ಜಾಗ ಬೇರೆ, ಉರಿಸುವ ಜಾಗ ಬೇರೆ. ಆದರೆ ಒಮ್ಮೆ ಬಲವಾದ ಬಡಿತ ಬಿದ್ದರೆ ತಾಳುವ ಶಕ್ತಿಯು ಅದಕ್ಕೆ ಬಹಳ ಕಡಿಮೆ. ರೋಟರಿನ ಮೂರು ಮೂಲೆಗಳಲ್ಲಿಯೂ ಗೋಡೆಯನ್ನು ಸವರುತ್ತಾ ಸಾಗುವ ಎಪೆಕ್ಸ್ ಸೀಲ್ ಎಂಬ ತೆಳುವಾದ ಪಟ್ಟಿಗಳಿರುತ್ತವೆ. ಮಾಜ್ದಾ ಆರ್‌ಎಕ್ಸ್–7 ಕಾರಿನ ಕೊನೆಯ ಮಾದರಿಯಲ್ಲಿ ಇವುಗಳ ದಪ್ಪ ಕೇವಲ 2 ಮಿಲಿಮೀಟರ್. ಪಿಸ್ಟನ್ನಿನ ಎಂಜಿನ್ನು ಹಗುರವಾದ ಹತ್ತಾರು ಬಡಿತಗಳನ್ನು ಸಹಿಸಿಕೊಂಡೀತು. ರೋಟರಿಯಲ್ಲಿ ಒಂದೇ ಒಂದು ಗಟ್ಟಿ ಬಡಿತಕ್ಕೆ ಈ ಪಟ್ಟಿ ಬಿರುಕುಬಿಡಬಹುದು. ಮುರಿದ ಚೂರು ಗೋಡೆಯನ್ನು ಗೀರಿ, ಹೊಗೆಯೊಡನೆ ಹೊರಬಿದ್ದು, ಟರ್ಬೋದ ಚಕ್ರವನ್ನೂ ಹಾಳುಮಾಡಬಲ್ಲುದು. ರಸ್ತೆಯ ಮೇಲೆ ಇದರಿಂದ ಹಣ ನಷ್ಟ. ಆಕಾಶದಲ್ಲಾದರೆ ವಿಮಾನವೇ ನಷ್ಟ.

ಹೀಗಿರಲು ಸೆನ್ಸರನ್ನು ಇಟ್ಟರಾಯಿತೆಂದು ಕೆಲವರು ಹೇಳುವರು. ಇಟ್ಟೂ ಪ್ರಯೋಜನವಿಲ್ಲವೆಂದು ಇನ್ನು ಕೆಲವರು ವಾದಿಸುವರು. ಎರಡನೆಯವರ ಮಾತಿನಲ್ಲಿಯೂ ತಿರುಳಿಲ್ಲದೆ ಇಲ್ಲ. ಸೆನ್ಸರು ಬಡಿತವನ್ನು ಕೇಳುವುದು ಅದು ಆದ ಮೇಲೆ. ಮೊದಲನೆಯ ಏಟೇ ಮಾರಕವಾದರೆ ಎರಡನೆಯದನ್ನು ತಡೆದು ಫಲವೇನು? ಇದಲ್ಲದೆ ಸೀಲುಗಳು ಗೋಡೆಯ ಮೇಲೆ ಉಜ್ಜುವ ಸದ್ದೇ ಸೆನ್ಸರನ್ನು ಮೋಸಗೊಳಿಸಬಹುದು. ಉರಿಯುವ ಕೋಣೆಯು ಉದ್ದವಾಗಿ ಚಪ್ಪಟೆಯಾಗಿರುವುದರಿಂದ, ಪಿಸ್ಟನ್ನಿನ ಎಂಜಿನ್ನಿಗೆ ಗೊತ್ತುಮಾಡಿದ ಕಂಪನಸಂಖ್ಯೆಯನ್ನು ಇಲ್ಲಿಗೆ ಎರವಲು ತರಲಾಗದು.

ಆದರೂ ಮಾಜ್ದಾ ಕಂಪನಿಯವರು ತಮ್ಮ ಟರ್ಬೋ ಆರ್‌ಎಕ್ಸ್–7 ರಲ್ಲಿ ನಾಕ್ ಸೆನ್ಸರನ್ನು ಇಟ್ಟೇ ಇಟ್ಟರು. ಏತಕ್ಕೆಂದರೆ ಎಲ್ಲ ಬಡಿತಗಳೂ ಒಮ್ಮೆಗೇ ಪ್ರಚಂಡವಾಗಿ ಬರುವುದಿಲ್ಲ. ಕೆಟ್ಟ ಪೆಟ್ರೋಲು, ಕಟ್ಟಿಕೊಂಡ ಇಂಜೆಕ್ಟರು, ಬೇಸಗೆಯ ಬಿಸಿಗಾಳಿ, ಇವುಗಳಿಂದ ಹುಟ್ಟುವ ಬಡಿತವು ಅನೇಕ ವೇಳೆ ಮೆಲ್ಲಗೆ ಆರಂಭವಾಗಿ ಬೆಳೆಯುತ್ತದೆ. ಆ ಮೊದಲ ಪಿಸುಮಾತನ್ನು ಎಗ್ಸಾಸ್ಟಿನ ಅಬ್ಬರದಲ್ಲಿ ಚಾಲಕನ ಕಿವಿ ಹಿಡಿಯಲಾರದು. ಎಂಜಿನ್ನನ್ನು ಹದಮಾಡುವ ಕುಶಲರು ಅದರ ಮೈಗೆ ಸೆನ್ಸರನ್ನು ಬಿಗಿದು, ಹೆಡ್‌ಫೋನಿನಲ್ಲಿ ಆಲಿಸುತ್ತಾ ಕೆಲಸಮಾಡುವುದು ಇದಕ್ಕಾಗಿಯೇ.

ಆದುದರಿಂದ ನಮ್ಮ ಉತ್ತರವಿದು: ಟರ್ಬೋ ಇಲ್ಲದ ರೋಟರಿಗೆ ಸೆನ್ಸರಿಲ್ಲದೆ ನಡೆದೀತು, ಟರ್ಬೋ ಜೋಡಿಸಿದ ಮೇಲೆ ಅದು ಬೇಕು. ಆದರೆ ಅದು ಕಾವಲುಗಾರನೇ ಹೊರತು ಕೋಟೆಯ ಗೋಡೆಯಲ್ಲ. ಗಾಳಿಯನ್ನು ತಣಿಸುವ ಇಂಟರ್‌ಕೂಲರು, ಕಡಿಮೆಯಾಗದ ಇಂಧನ, ಎಚ್ಚರಿಕೆಯಿಂದ ಹಿಂದಿಟ್ಟ ಕಿಡಿ, ಮಿತಿಮೀರದ ಒತ್ತಡ, ಇವೇ ಗೋಡೆ. ಇವುಗಳಲ್ಲಿ ಒಂದನ್ನು ಸಡಿಲಬಿಟ್ಟು ಸೆನ್ಸರನ್ನು ನಂಬುವುದು ಅವಿವೇಕ.

ಈ ಗೋಡೆಗೆ ಒಂದು ಗಟ್ಟಿಕಲ್ಲು ನಾವು ಮೊದಲು ಹೆಸರಿಸಿದ ಸೀಮೆಯಲ್ಲಿಯೇ ದೊರೆಯುತ್ತದೆಂಬುದು ಸಂತೋಷದ ಸಂಗತಿ. ಮುಧೋಳ, ಸಮೀರವಾಡಿಗಳ ಕಾರ್ಖಾನೆಗಳು ಕಬ್ಬಿನಿಂದ ಸಕ್ಕರೆಯನ್ನಲ್ಲದೆ ಎಥನಾಲನ್ನೂ ತಯಾರಿಸುತ್ತವೆ. ಬಡಿತವನ್ನು ತಡೆಯುವ ಶಕ್ತಿಯನ್ನು ಅಳೆಯುವ ಆಕ್ಟೇನ್ ಮಾನದಲ್ಲಿ ಸಾಮಾನ್ಯ ಪೆಟ್ರೋಲಿಗೆ 91 ಬಂದರೆ ಎಥನಾಲಿಗೆ ಸುಮಾರು 108 ಬರುತ್ತದೆ. ಅದು ಆವಿಯಾಗುವಾಗ ಪೆಟ್ರೋಲಿನ ಎರಡು ಪಾಲಿಗಿಂತ ಹೆಚ್ಚು ಕಾವನ್ನು ಹೀರಿ ಗಾಳಿಯನ್ನು ತಂಪುಮಾಡುತ್ತದೆ. ಆದರೆ ಒಂದು ಕಿಲೋಗ್ರಾಂ ಪೆಟ್ರೋಲು ಉರಿಯುವುದಕ್ಕೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು, ಎಥನಾಲಿಗೆ 9 ಮಾತ್ರ. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಎಥನಾಲನ್ನು ಸುರಿಯಬೇಕು. ಇದನ್ನು ಲೆಕ್ಕಿಸದೆ ಹಳೆಯ ಅಳತೆಯಲ್ಲಿಯೇ ಅದನ್ನು ಉಣಿಸಿದರೆ, ಔಷಧವೇ ವಿಷವಾಗಿ, ಇಂಧನ ಸಾಲದ ಎಂಜಿನ್ನು ಕಾದು ಕೆಡುವುದು. ಅಂತಹ ತಪ್ಪನ್ನು ಸಮಯಕ್ಕೆ ಸರಿಯಾಗಿ ಕೇಳಿ ತಿಳಿಸುವುದಕ್ಕಾದರೂ, ಎಂಜಿನ್ನಿನ ಬೆಲೆಯ ಮುಂದೆ ಅತ್ಯಲ್ಪವೆನಿಸುವ ಆ ಪುಟ್ಟ ಕಿವಿಯು ತನ್ನ ಜಾಗದಲ್ಲಿರುವುದು ಮೇಲು.